ತಾತನ ಜೋಡುನಳಿಗೆ ಕೋವಿ: ಇಟ್ಟುಕೊಳ್ಳಬೇಕಾ, ಒಪ್ಪಿಸಬೇಕಾ?

ತಾತ ತೀರಿಕೊಂಡು ಎರಡು ತಿಂಗಳಾಯಿತು, ಊರಮನೆಯ ಬೀರುವಿನಲ್ಲಿ ಅವರ ಜೋಡುನಳಿಗೆ ಕೋವಿ ಹಾಗೇ ಇದೆ ಅಂತ ಬರೆದಿದ್ದೀರಿ. ನೆನಪಿಗೆ ಇಟ್ಟುಕೊಳ್ಳುವ ಆಸೆ ಇದೆ. ಅಮೆರಿಕದಲ್ಲಿ ಅಷ್ಟು ಸುಲಭ, ನಮ್ಮಲ್ಲಿ ಯಾಕೆ ಇಷ್ಟು ಬಿಗಿ ಅಂತಲೂ ಕೇಳಿದ್ದೀರಿ. ನಾನು ಕೊಪ್ಪದ ಕಡೆಯ ಅಡಿಕೆ ಬೆಳೆಗಾರ. ಬೆಳೆ ರಕ್ಷಣೆಗೆ ಅಂತ ಅಪ್ಪನಿಂದ ಬಂದ ಕೋವಿ ನನ್ನ ಹೆಸರಿನಲ್ಲಿದೆ. ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಅವಸರದ ಮಾತು. ಪರವಾನಗಿ ಇದ್ದದ್ದು ತಾತನ ಹೆಸರಿನಲ್ಲಿ. ಅವರು ಹೋದ ಮೇಲೆ ಅದು ಮನೆಯವರಿಗೆ ತಾನಾಗಿ ಬರುವುದಿಲ್ಲ. ಗದ್ದೆ ತೋಟ ವಾರಸುದಾರರಿಗೆ ಬರುವ ಹಾಗೆ ಕೋವಿ ಬರುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಪರವಾನಗಿ ಇಲ್ಲದಂತಾದ ಕೋವಿಯನ್ನು ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ಬಂದೂಕು ಅಂಗಡಿಯಲ್ಲೋ ಜಮಾ ಮಾಡಿ ರಸೀದಿ ಪಡೆಯಬೇಕು. ಜಮಾ ಮಾಡಿದರೆ ಹೋಯಿತು ಅಂತಲ್ಲ. ಅಲ್ಲಿ ಇಟ್ಟುಕೊಂಡೇ ವಾರಸುದಾರರಾಗಿ ನೀವು ಅರ್ಜಿ ಹಾಕಬಹುದು. ಮರಣ ಪತ್ರ, ತಾತನ ಪರವಾನಗಿ ಪುಸ್ತಕ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕು. ನಿಮಗೆ 21 ವರ್ಷ ತುಂಬಿರಬೇಕು. ಪೊಲೀಸ್ ವಿಚಾರಣೆ ಆಗುತ್ತದೆ. ಸುರಕ್ಷಿತವಾಗಿ ಇಡುತ್ತೇನೆ ಅಂತ ಬರೆದುಕೊಡಬೇಕು, ತರಬೇತಿಯ ಪ್ರಮಾಣಪತ್ರವನ್ನೂ ಕೇಳುತ್ತಾರೆ.

ತಾತ ಇರುವಾಗಲೇ ಈ ಕೆಲಸ ಮಾಡಬಹುದಿತ್ತು. ಪರವಾನಗಿದಾರರಿಗೆ 70 ವರ್ಷ ಆದಾಗ, ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದಾಗ, ಅವರೇ ವಾರಸುದಾರರ ಹೆಸರು ಸೂಚಿಸಲು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ದಾರಿ ಇದೆ. ಮನೆಯಲ್ಲಿ ವಯಸ್ಸಾದವರ ಹೆಸರಿನಲ್ಲಿ ಕೋವಿ ಇರುವ ಬೇರೆಯವರು ಇದನ್ನು ಓದುತ್ತಿದ್ದರೆ ಈ ವರ್ಷವೇ ಮಾಡಿಸಿಬಿಡಿ.

ಈಗ ಕೋವಿಯ ಮಾತು. ನಳಿಗೆಯ ಮೇಲೆ ನೀರಿನ ಅಲೆಯ ಹಾಗೆ ಗೆರೆಗಳಿವೆ, ನೋಡಲು ಬಹಳ ಚೆಂದ ಅಂತ ಬರೆದಿದ್ದೀರಲ್ಲ, ಆ ಸಾಲು ಓದಿ ನನಗೆ ಸ್ವಲ್ಪ ಹೆದರಿಕೆಯಾಯಿತು. ಅದು ಡಮಾಸ್ಕಸ್ ನಳಿಗೆ ಇರಬಹುದು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ಸರಳಿಗೆ ಸುತ್ತಿ, ಕಾಯಿಸಿ ಬಡಿದು ಬೆಸೆಯುತ್ತಿದ್ದರು. ಬೆಲ್ಜಿಯಂನಲ್ಲಿ, ಇಂಗ್ಲೆಂಡಿನ ಬರ್ಮಿಂಗ್ಹ್ಯಾಮ್‌ನಲ್ಲಿ ಇಂಥವು ಬೇಕಾದಷ್ಟು ತಯಾರಾದವು. ಆದರೆ ಅವು ಹೆಚ್ಚಾಗಿ ಕರಿಮದ್ದಿನ ಕಾಲದವು. ಈಗಿನ ಹೊಗೆಯಿಲ್ಲದ ಮದ್ದಿನ ತೋಟಾ ಹಾಕಿದರೆ ಆ ಬೆಸುಗೆ ತಡೆಯದೆ ಹೋಗಬಹುದು. ಒಳಗೊಳಗೇ ತುಕ್ಕು ಹಿಡಿದಿದ್ದರೆ ಹೊರಗಿನಿಂದ ಕಾಣುವುದೂ ಇಲ್ಲ. ಇನ್ನೊಂದು ತೊಂದರೆ ಇದೆ. ಎಷ್ಟೋ ಹಳೆಯ 12 ಬೋರ್ ಕೋವಿಗಳಲ್ಲಿ ತೋಟಾ ಕೂರುವ ಜಾಗ ಎರಡೂವರೆ ಇಂಚಿನದು. ಈಗಿನ ಸಾಮಾನ್ಯ ತೋಟಾ ಎರಡೂ ಮುಕ್ಕಾಲು ಇಂಚಿನದು. ಒಳಗೆ ಸಲೀಸಾಗಿ ಹೋಗುತ್ತದೆ, ಅದೇ ಮೋಸ. ಹೊಡೆದಾಗ ತೋಟಾದ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗ ಇಲ್ಲದೆ ಒತ್ತಡ ಜಾಸ್ತಿಯಾಗುತ್ತದೆ. ನಳಿಗೆ ಒಡೆದರೆ ಮೊದಲು ಹೋಗುವುದು ಅದನ್ನು ಹಿಡಿದ ಎಡಗೈ. ದಯವಿಟ್ಟು ಒಂದೇ ಒಂದು ಈಡು ಹೊಡೆದು ನೋಡೋಣ ಅಂತ ಹೋಗಬೇಡಿ.

ಹಳೆಯದು ಅಲ್ವಾ, ಗೋಡೆಗೆ ಅಲಂಕಾರಕ್ಕೆ ಹಾಕಿದರೆ ಪರವಾನಗಿ ಬೇಡ ಅಂತ ಯಾರೋ ಹೇಳಿದ್ದಾರೆ ಅಂದಿರಿ. ಅದು ಅರ್ಧ ನಿಜ. ಹಳೆಯ ಮಾದರಿಯ ಅಥವಾ ಪುರಾತನ ಬೆಲೆಯ ಆಯುಧಕ್ಕೆ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ. ಆದರೆ ಅದು ರಿಪೇರಿ ಮಾಡಿದರೂ ಹೊಡೆಯಲು ಬಾರದಂತೆ ಇರಬೇಕು. ಹಾಗಿದೆ ಅಂತ ನೀವೋ ನಾನೋ ತೀರ್ಮಾನಿಸಿದರೆ ಸಾಲದು. ಸಂಗ್ರಹದ ಹುಚ್ಚು ಇರುವವರಿಗೂ ಈಗ ಜಾಗ ಕಡಿಮೆ. 2019ರ ತಿದ್ದುಪಡಿಯಲ್ಲಿ ಸಾಮಾನ್ಯ ಪರವಾನಗಿದಾರರಿಗೆ ಮೂರು ಇದ್ದ ಮಿತಿಯನ್ನು ಎರಡಕ್ಕೆ ಇಳಿಸಿದರು.

ಬಿಗಿ ಯಾಕೆ ಅಂದಿರಿ. ನಮ್ಮ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ನನಗೆ ಆಗ 12 ವರ್ಷ. ರಾತ್ರಿ ತೋಟಕ್ಕೆ ಹಂದಿ ಬರುತ್ತಿತ್ತು ಅಂತ ಅಪ್ಪ ಕೋವಿಗೆ ತೋಟಾ ಹಾಕಿಯೇ ಗೋಡೆಯ ಗೂಟಕ್ಕೆ ನೇತುಹಾಕಿದ್ದರು. ಮಧ್ಯಾಹ್ನ ದೊಡ್ಡವರೆಲ್ಲ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ರಜೆಗೆ ಬಂದಿದ್ದ ಚಿಕ್ಕಪ್ಪನ ಮಗ ಸ್ಟೂಲು ಹತ್ತಿ ಕೋವಿ ಇಳಿಸಿದ. ನಾನು ಎದುರಿಗೇ ನಿಂತಿದ್ದೆ. ನಳಿಗೆ ಭಾರಕ್ಕೆ ಮೊದಲು ನನ್ನ ಕಡೆ ವಾಲಿತು. ಅವನು ಮೇಲಕ್ಕೆ ಎತ್ತಲು ಹೋದಾಗ ಬೆರಳು ಟ್ರಿಗರ್‌ಗೆ ತಾಗಿತು. ಹೆಂಚು ಪುಡಿಪುಡಿಯಾಗಿ ನಮ್ಮಿಬ್ಬರ ತಲೆ ಮೇಲೆ ಸುರಿಯಿತು. ಅಮ್ಮ ಓಡಿ ಬಂದು ನನ್ನ ಮೈಯೆಲ್ಲ ತಡವಿ ನೋಡಿದ್ದು ಇವತ್ತಿಗೂ ನೆನಪಿದೆ. ಅಪ್ಪ ಯಾರಿಗೂ ಬೈಯಲಿಲ್ಲ. ಮರುದಿನವೇ ಕಬ್ಬಿಣದ ಪೆಟ್ಟಿಗೆ ತಂದರು. ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ, ಬೀಗದ ಕೈ ಅವರ ಸೊಂಟದಲ್ಲಿ. ನಾನೂ ಹಾಗೇ ಇಟ್ಟಿದ್ದೇನೆ.

ಅಮೆರಿಕದಲ್ಲಿ ಆಯುಧ ಇಟ್ಟುಕೊಳ್ಳುವುದು 1791ರಿಂದಲೇ ಸಂವಿಧಾನದ ಹಕ್ಕು. ನಮ್ಮಲ್ಲೂ ಆ ಆಸೆ ಇರಲಿಲ್ಲ ಅಂತಲ್ಲ. 1878ರ ಬ್ರಿಟಿಷರ ಕಾಯ್ದೆ ಭಾರತೀಯರಿಗೆ ಪರವಾನಗಿ, ಯುರೋಪಿಯನ್ನರಿಗೆ ವಿನಾಯಿತಿ ಅನ್ನುವಂತೆ ಇತ್ತು. ಆ ಅವಮಾನ ನಮ್ಮವರಿಗೆ ಚುಚ್ಚುತ್ತಿತ್ತು. 1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲಿ ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕನ್ನೂ ಸೇರಿಸಿದ್ದರು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯ ಸದಸ್ಯ ಎಚ್.ವಿ. ಕಾಮತ್ ಅದನ್ನು ಮೂಲಭೂತ ಹಕ್ಕು ಮಾಡಿ ಅಂತ ಸಭೆಯಲ್ಲಿ ಕೇಳಿದರು. ಅಂಬೇಡ್ಕರ್ ಒಪ್ಪಲಿಲ್ಲ. ಕೊನೆಗೆ 19ನೇ ವಿಧಿಯಲ್ಲಿ ಉಳಿದದ್ದು ಶಾಂತಿಯಿಂದ, ಆಯುಧ ಇಲ್ಲದೆ ಸಭೆ ಸೇರುವ ಹಕ್ಕು. ಅಂಬೇಡ್ಕರ್ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಜಾತಿ ಜಗಳ, ಜಮೀನಿನ ಜಗಳ ಇಷ್ಟು ಇರುವ ಊರುಗಳಲ್ಲಿ ಕೋವಿ ಎಲ್ಲರ ಹಕ್ಕಾಗಿದ್ದರೆ ಅದು ಮೊದಲು ಸೇರುತ್ತಿದ್ದದ್ದು ಬಲ ಇದ್ದವರ ಕೈಗೆ.

ಹಾಗಾದರೆ ಕೊಡಗಿನವರಿಗೆ ಯಾಕೆ ವಿನಾಯಿತಿ ಅಂತ ನೀವು ಕೇಳಬಹುದು. ಅದು 1861ರಿಂದ ಬಂದದ್ದು. ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಪರವಾನಗಿಯಿಂದ ಬಿಡುಗಡೆ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಮಡಿಕೇರಿ ಹತ್ತಿರದ ಸ್ನೇಹಿತರ ಮನೆಗೆ ಒಮ್ಮೆ ಕೈಲ್ ಪೊಳ್ದ್, ಅಂದರೆ ಕೊಡವರ ಆಯುಧ ಪೂಜೆಯ ಹಬ್ಬದ ದಿನ ಹೋಗಿದ್ದೆ. ದೇವರ ದೀಪದ ಮುಂದೆ ಕೋವಿ ಇಟ್ಟು ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿದ್ದರು. ಗಂಡು ಮಗು ಹುಟ್ಟಿದರೆ ಈಡು, ಸಾವಾದರೆ ಈಡು, ಸುಗ್ಗಿಯ ಹಬ್ಬ ಹುತ್ತರಿಯಲ್ಲಿ ಕದಿರು ತೆಗೆದಾಗ ಈಡು. ಅಲ್ಲಿ ಕೋವಿಯನ್ನು ಮನೆಯ ಹಿರಿಯರಷ್ಟೇ ಗೌರವದಿಂದ ನೋಡುತ್ತಾರೆ. ಅದನ್ನು ಉಳಿಸಬೇಕು. ಆದರೆ ಕೊಡಗನ್ನು ತೋರಿಸಿ ಎಲ್ಲರಿಗೂ ಹಾಗೇ ಕೊಡಿ ಅನ್ನುವುದು ಸರಿಯಲ್ಲ.

ನನಗೆ ನಿಜವಾಗಿ ಬೇಸರ ಇರುವುದು ಬೇರೆ ಕಡೆ. ಪರವಾನಗಿಯ ನವೀಕರಣಕ್ಕೆ ನಾನು ಒಂದು ಕಚೇರಿಗೆ ಒಂಬತ್ತು ತಿಂಗಳು ಅಲೆದೆ. ನಮ್ಮ ಕೋವಿ ನಂಬರ್ ಸಮೇತ ಅವರ ಕಡತದಲ್ಲಿದೆ. ಅದೇ ಕಾಡಂಚಿನಲ್ಲಿ ಪರವಾನಗಿಯಿಲ್ಲದೆ ಊರಲ್ಲೇ ಮಾಡಿದ, ಲೆಕ್ಕವಿಲ್ಲದ ನಾಡಕೋವಿಗಳಿವೆ. ದಾರಿಗೆ ದಾರ ಕಟ್ಟಿ ಹಂದಿಗೆ ಅಂತ ಕೋವಿ ಒಡ್ಡುವವರಿದ್ದಾರೆ, ಸೌದೆಗೆ ಹೋದವರು ಅದಕ್ಕೆ ಸಿಗುತ್ತಾರೆ. ಹುಡುಕಬೇಕಾದ್ದು ಅವನ್ನು. ನಮ್ಮನ್ನು ಪರೀಕ್ಷಿಸಲಿ, ಆದರೆ ಒಂದು ಗೊತ್ತಾದ ಅವಧಿಯಲ್ಲಿ ಮುಗಿಸಲಿ.

ನಿಮ್ಮ ವಿಷಯಕ್ಕೆ ಬಂದರೆ, ನೀವು ಇರುವುದು ಬೆಂಗಳೂರಿನ ಫ್ಲಾಟ್‌ನಲ್ಲಿ. ಊರಮನೆಗೆ ವರ್ಷದಲ್ಲಿ ನಾಲ್ಕು ದಿನ ಹೋಗುತ್ತೀರಿ. ಕಾಯಲು ತೋಟವೂ ಇಲ್ಲ. ನಾನಾಗಿದ್ದರೆ ಒಪ್ಪಿಸುತ್ತಿದ್ದೆ. ತಾತನ ನೆನಪಿಗೆ ಅವರ ತೋಟಾ ಪಟ್ಟಿ ಇಟ್ಟುಕೊಳ್ಳಿ, ಖಾಲಿ ಚರ್ಮದ ಪಟ್ಟಿಗೆ ಯಾರ ಅನುಮತಿಯೂ ಬೇಡ. ನಾಳೆಯೇ ಠಾಣೆಗೆ ಹೋಗಿ ವಿಷಯ ತಿಳಿಸಿ. ಕೋವಿಯನ್ನು ಕಾರಿನಲ್ಲಿ ಹಾಕಿಕೊಂಡು ಹೋಗಬೇಡಿ, ಹೇಗೆ ತರಬೇಕು ಅಂತ ಅವರನ್ನೇ ಕೇಳಿ. ಅಲ್ಲಿಯವರೆಗೆ ಬೀರುವಿಗೆ ಬೀಗ ಹಾಕಿಸಿ. ಒಳಗೆ ತೋಟಾ ಇದೆಯೋ ಇಲ್ಲವೋ ಅಂತ ತಾತನನ್ನು ಈಗ ಕೇಳಲು ಆಗುವುದಿಲ್ಲ.