ನಾನು ಪ್ರಾಮಾಣಿಕ ಅಂತ ನಂಬಿರೋರೂ ಕೆಲಸದಲ್ಲಿ ಯಾಕೆ ಜಾರ್ತಾರೆ?

ಟಿಎ ಬಿಲ್ಲಲ್ಲಿ, ಅಂದ್ರೆ ಆಫೀಸಿಗೆ ಕೊಡೋ ಪ್ರಯಾಣ ಖರ್ಚಿನ ಲೆಕ್ಕದಲ್ಲಿ, ಒಂಚೂರು ಜಾಸ್ತಿ ಬರೀತೀನಿ, ಆದ್ರೂ ನಾನು ಪ್ರಾಮಾಣಿಕ ಅಂತಲೇ ಅನ್ಸುತ್ತೆ, ಇದು ಹೆಂಗೆ ಅಂತ ಕೇಳಿದೀರ. ನನಗೂ ಹಿಂಗೇ ಆಗಿತ್ತು, ಅದಕ್ಕೇ ಬರೀತಿದೀನಿ.

ದಾವಣಗೆರೆ ಎಪಿಎಂಸಿ ಯಾರ್ಡಲ್ಲಿ ಒಂದು ದಲಾಲಿ ಅಂಗಡೀಲಿ ನಾನು ಗುಮಾಸ್ತ. ಮೆಕ್ಕೆಜೋಳ ಬಂದ್ರೆ ಮಿಷನ್‌ಗೆ ಒಂದು ಹಿಡಿ ಕಾಳು ಹಾಕಿ ತೇವ ನೋಡಿ ಚೀಟಿ ಬರೀಬೇಕು, 14 ಪರ್ಸೆಂಟ್ ದಾಟಿದ್ರೆ ಒಂದೊಂದು ಪರ್ಸೆಂಟಿಗೂ ಕ್ವಿಂಟಲ್‌ಗೆ ಒಂದು ಕೆಜಿ ಸೂಟು, ಅಂದ್ರೆ ತೂಕದಲ್ಲಿ ಕಡಿತ, ಹಿಡೀತಿದ್ವಿ. ರೈತರ ದುಡ್ಡಲ್ಲಿ ಒಂದು ಟೀನೂ ಕುಡಿದೋನಲ್ಲ ನಾನು, ಆ ಹೆಮ್ಮೆ ಜೋರಾಗೇ ಇತ್ತು. ಆದ್ರೆ 14.5 ಬಂದ್ರೆ 15 ಅಂತ ಬರೀತಿದ್ದೆ, ಸಾವ್ಕಾರ್ರು ಹಂಗೆ ಬರಿ ಅಂದಿರ್ಲಿಲ್ಲ, ನನಗೂ ಒಂದು ಪೈಸೆ ಸಿಗ್ತಿರ್ಲಿಲ್ಲ, ಲೆಕ್ಕ ಸಲೀಸು ಅಂತ ಅಷ್ಟೇ, ಮನಸ್ಸಲ್ಲಿ ಅದಕ್ಕೆ ರೌಂಡ್ ಮಾಡೋದು ಅಂತ ಹೆಸರಿಟ್ಕೊಂಡಿದ್ದೆ.

ಒಂದ್ಸಲ ಜಗಳೂರು ಕಡೆಯ ಅಜ್ಜ ಒಬ್ರು 24 ಕ್ವಿಂಟಲ್ ತಂದಿದ್ರು. ಚೀಟಿ ನೋಡಿ, ಎರಡು ಕಾಳು ಬಾಯಿಗೆ ಹಾಕ್ಕೊಂಡು ಕಟಕ್ ಅಂತ ಕಡಿದು, "ಇಷ್ಟು ಒಣಗೈತಲ್ಲ ತಮ್ಮಾ, 15 ಹೆಂಗ್ ಬಂತು?" ಅಂದ್ರು. ಮಿಷನ್ ಇನ್ನೂ ಆಫ್ ಆಗಿರ್ಲಿಲ್ಲ, 14.5 ಅಂತ ಕಾಣ್ತಿತ್ತು. ಅಜ್ಜ ಬೈಲಿಲ್ಲ. "ನೀನಿದ್ದೀಯ ಅಂತ ನಾನು ಯಾವತ್ತೂ ಮಿಷನ್ ನೋಡ್ಲಿಲ್ಲ ಕಣಪ್ಪ" ಅಂದ್ರು. ಕ್ವಿಂಟಲ್‌ಗೆ ಅರ್ಧ ಕೆಜಿ ಅಂದ್ರೂ 12 ಕೆಜಿ, ಅವತ್ತಿನ 2,000 ರೂಪಾಯಿ ರೇಟಿಗೆ 240 ರೂಪಾಯಿ. ಅವರ ಚೀಟಿ ತಿದ್ದಿ ಕೊಟ್ಟೆ, ಆದ್ರೆ ಅದಕ್ಕೆ ಮುಂಚೆ ಬರೆದ ಚೀಟಿಗಳನ್ನ ಎಲ್ಲಿಂದ ತರ್ಲಿ?

ಆಮೇಲೆ ಇದರ ಬಗ್ಗೆ ಓದ್ತಾ ಹೋದೆ. 2001ರಲ್ಲಿ ಮೋನಿನ್, ಮಿಲ್ಲರ್ ಅನ್ನೋ ಮನಃಶಾಸ್ತ್ರಜ್ಞರು ಕಂಡಿದ್ದು ಏನಪ್ಪಾ ಅಂದ್ರೆ, ತಾವು ಭೇದಭಾವ ಮಾಡೋರಲ್ಲ ಅಂತ ಮೊದಲೇ ತೋರಿಸ್ಕೊಂಡೋರು ಆಮೇಲೆ ಭೇದಭಾವದ ಮಾತಾಡೋಕೆ ಅಷ್ಟು ಹಿಂಜರೀಲಿಲ್ಲ. ನನ್ನ ಟೀ ಹೆಮ್ಮೆ ಮಾಡಿದ್ದೂ ಇದನ್ನೇ, ನಾನು ಒಳ್ಳೆಯವನು ಅಂತ ತೀರ್ಮಾನ ಆಗಿಹೋಗಿತ್ತಲ್ಲ, ಇನ್ನು ಕೈ ಏನು ಬರೀತಿದೆ ಅಂತ ಯಾರು ನೋಡ್ತಾರೆ. ಹಂಗಂತ ಆ ನಂಬಿಕೆನೇ ಕೆಟ್ಟದ್ದು ಅನ್ನಲ್ಲ. 2013ರಲ್ಲಿ ಬ್ರಯಾನ್ ಮತ್ತವರ ಜೊತೆಯವರು ಮಾಡಿದ ಪ್ರಯೋಗದಲ್ಲಿ "ಮೋಸ ಮಾಡ್ಬೇಡಿ" ಅಂದಾಗ ಜನ ಮೋಸ ಮಾಡಿದ್ರು, "ಮೋಸಗಾರರಾಗ್ಬೇಡಿ" ಅಂದಾಗ ಆ ಮೋಸ ನಿಂತುಹೋಯ್ತು. ಮಾಡೋ ಕೆಲಸದ ಹೆಸರು ನಮ್ಮ ಮೇಲೇ ಬಂದು ಕೂತ್ರೆ ಕೈ ತಡೆಯುತ್ತೆ. ರೌಂಡ್ ಮಾಡೋದು ಅಂತ ಇದ್ದಷ್ಟು ದಿನ ನನ್ನ ಕೈ ತಡೀಲೇ ಇಲ್ಲ.

ಈಗ ಮಿಷನ್ ರೈತರ ಕಡೆಗೇ ತಿರುಗಿಸಿ ಇಡ್ತೀನಿ, ಅವರೇ ಓದಿ ಹೇಳ್ತಾರೆ, ಪಾಯಿಂಟ್ ಸಮೇತ ಬರೀತೀನಿ. ನೀವೂ ಬಿಲ್ಲಲ್ಲಿ ಜಾಸ್ತಿ ಬರೆದ ಮೊತ್ತ ಮಾತ್ರ ಒಂದು ಹಾಳೇಲಿ ಬೇರೆ ಬರೀರಿ, ಅದಕ್ಕೆ ಮನಸ್ಸಲ್ಲಿ ಏನಂತ ಹೆಸರಿಟ್ಟಿದೀರೋ ಅದನ್ನ ಅದರ ಪಕ್ಕದಲ್ಲೇ ಬರೀರಿ.