ಓದುಗರ ಪ್ರಶ್ನೆ: ‘ಸ್ಟೇ’ ಅಂದರೂ ನಮ್ಮ ನಾಯಿ ಎದ್ದು ಬರುತ್ತದೆ, ಏನು ಮಾಡಲಿ?

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ಈಗ 14 ತಿಂಗಳು. ಸಿಟ್, ಡೌನ್, ಕಮ್ ಎಲ್ಲ ಮರಿಯಾಗಿದ್ದಾಗಲೇ ಕಲಿತಿದ್ದಾನೆ. ಮನೆಯೊಳಗೆ ಒಂದೇ ಮಾತಿಗೆ ಕೂರುತ್ತಾನೆ. ಆದರೆ ಸ್ಟೇ ಹೇಳಿ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಸಾಕು, ಎದ್ದು ಬಂದುಬಿಡುತ್ತಾನೆ. ಹೊರಗೆ ಹೋದರಂತೂ ನನ್ನ ಗುರುತೇ ಇಲ್ಲದ ಹಾಗೆ ಆಡುತ್ತಾನೆ. ಬೇಕಂತಲೇ ಹಟ ಮಾಡುತ್ತಿದ್ದಾನಾ? ಗದರಬೇಕಾ?

ಉತ್ತರ: ಹಟ ಅಲ್ಲ. ಗದರುವುದು ಬೇಡ. ಸಿಟ್ ಅನ್ನುವುದು ನಮಗೆ ಒಂದು ಪದ, ಅಷ್ಟೇ. ನಾಯಿಗೆ ಹಾಗಲ್ಲ. ಅದು ಕಲಿತ ಜಾಗ, ನೀವು ನಿಲ್ಲುವ ರೀತಿ, ನಿಮ್ಮ ಕೈಸನ್ನೆ, ಎಲ್ಲ ಆ ಪದಕ್ಕೆ ಅಂಟಿಕೊಂಡಿರುತ್ತದೆ. ಬೇಕಾದರೆ ಇವತ್ತೇ ನೋಡಿ. ಅವನಿಗೆ ಬೆನ್ನು ಹಾಕಿ ನಿಂತು, ಕೈ ಆಡಿಸದೆ ಸಿಟ್ ಅನ್ನಿ. ಎಷ್ಟೋ ನಾಯಿಗಳು ಕೂರುವುದಿಲ್ಲ, ಸುಮ್ನೆ ಎದುರಿಗೆ ಬಂದು ಮುಖ ನೋಡುತ್ತವೆ. ಹಾಗಾಗಿ ಒಳಗೆ ಕಲಿತದ್ದನ್ನು ಅಂಗಳದಲ್ಲಿ, ರಸ್ತೆಯಲ್ಲಿ, ಮೈದಾನದಲ್ಲಿ ಮತ್ತೆ ಮೊದಲಿನಿಂದ ಹೇಳಿಕೊಡಬೇಕು. ಎರಡನೇ ಸಲ, ಮೂರನೇ ಸಲ ಬೇಗ ಬರುತ್ತದೆ. ಜೊತೆಗೆ ಇದು ಹರೆಯದ ವಯಸ್ಸು. ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ, ದೊಡ್ಡ ತಳಿಗಳಲ್ಲಿ ಇನ್ನೂ ಸ್ವಲ್ಪ ಜಾಸ್ತಿ ದಿನ, ಕಲಿತದ್ದೆಲ್ಲ ಮರೆತ ಹಾಗೆ ಕಾಣುತ್ತದೆ. ಬೇಸರ ಮಾಡಿಕೊಳ್ಳಬೇಡಿ.

ಈಗ ಸ್ಟೇ ವಿಷಯ. ಇದರಲ್ಲಿ ಒಂದಲ್ಲ, ಮೂರು ಪಾಠ ಇವೆ. ಎಷ್ಟು ಹೊತ್ತು ಕೂರಬೇಕು, ನೀವು ಎಷ್ಟು ದೂರ ಹೋಗುತ್ತೀರಿ, ಸುತ್ತಮುತ್ತ ಎಷ್ಟು ಗಲಾಟೆ ಇದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಹೆಚ್ಚಿಸಿ. ಬಹಳಷ್ಟು ಜನ ಮೂರನ್ನೂ ಒಟ್ಟಿಗೆ ಏರಿಸಿ, ನಾಯಿ ಕೆಟ್ಟುಹೋಯಿತು ಅನ್ನುತ್ತಾರೆ.

ಮೊದಲು ಹೊತ್ತು. ಅವನ ಪಕ್ಕದಲ್ಲೇ ನಿಲ್ಲಿ. ಎರಡು ಸೆಕೆಂಡ್ ಕೂತರೆ ತಿಂಡಿ. ಆಮೇಲೆ ಐದು, ಮತ್ತೆ ಮೂರು, ಆಮೇಲೆ ಎಂಟು. ಪ್ರತಿ ಸಲ ಏರಿಸುತ್ತಲೇ ಹೋದರೆ ಆಟ ಕಷ್ಟವಾಗುತ್ತಿದೆ ಅಂತ ಅವನಿಗೆ ಗೊತ್ತಾಗಿಬಿಡುತ್ತದೆ, ನಡುವೆ ಸುಲಭದ್ದೂ ಇರಲಿ. ಅರ್ಧ ನಿಮಿಷ ನೆಮ್ಮದಿಯಾಗಿ ಕೂತ ಮೇಲೆ ಒಂದು ಹೆಜ್ಜೆ ಹಿಂದೆ ಹೋಗಿ, ತಕ್ಷಣ ವಾಪಸ್ ಬನ್ನಿ. ಹೆಜ್ಜೆ ಶುರುವಾದಾಗ ಹೊತ್ತನ್ನು ಮತ್ತೆ ಎರಡು ಸೆಕೆಂಡಿಗೆ ಇಳಿಸಿ. ಸಾಲಾಗಿ ಎರಡು ಸಲ ಎದ್ದರೆ ಪಾಠ ಜಾಸ್ತಿಯಾಯಿತು ಅಂತ ಅರ್ಥ. ಒಂದು ಮೆಟ್ಟಿಲು ಕೆಳಗಿಳಿಯಿರಿ.

ತಿಂಡಿ ಕೊಡುವುದು ಎಲ್ಲಿ ಅನ್ನುವುದು ತುಂಬಾ ಮುಖ್ಯ. ನಿಮ್ಮ ತೊಂದರೆ ಇಲ್ಲೇ ಇರಬಹುದು. ಸ್ಟೇ ಹೇಳಿ, ದೂರ ಹೋಗಿ, ಅಲ್ಲಿಂದ ‘ಕಮ್’ ಅಂತ ಕರೆದು ತಿಂಡಿ ಕೊಡುತ್ತಿದ್ದೀರಾ? ಹಾಗಿದ್ದರೆ ಅವನ ಲೆಕ್ಕದಲ್ಲಿ ಸ್ಟೇ ಅಂದರೆ ಓಡಿ ಬರುವುದಕ್ಕೆ ತಯಾರಾಗು ಅಂತ. ಕಲಿಯುವ ದಿನಗಳಲ್ಲಿ ನೀವೇ ಅವನ ಹತ್ತಿರ ಹೋಗಿ, ಕೂತಲ್ಲೇ ಬಾಯಿಗೆ ಕೊಡಿ. ಆಗ ಆ ಜಾಗವೇ ಅವನಿಗೆ ಇಷ್ಟವಾಗುತ್ತದೆ.

ಏಳುವ ಮೊದಲು ನಾಯಿ ಹೇಳಿಯೇ ಏಳುತ್ತದೆ. ಕಿವಿ ಮುಂದಕ್ಕೆ ಬರುತ್ತದೆ. ತಲೆ ಸ್ವಲ್ಪ ತಗ್ಗುತ್ತದೆ. ಮೈಭಾರ ಮುಂಗಾಲಿನ ಮೇಲೆ ಬೀಳುತ್ತದೆ, ಹಿಂಭಾಗ ನೆಲದಿಂದ ಒಂದು ಚೂರು ಹಗುರಾಗುತ್ತದೆ. ಆ ಕ್ಷಣಕ್ಕಿಂತ ಮುಂಚೆ ನೀವು ವಾಪಸ್ ಬಂದಿರಬೇಕು. ಎದ್ದ ಮೇಲೆ ತಿದ್ದುವುದಕ್ಕಿಂತ, ಕೂತಿರುವಾಗಲೇ ಬಂದು ಕೊಟ್ಟರೆ ಹತ್ತು ಪಟ್ಟು ಬೇಗ ಕಲಿಯುತ್ತಾನೆ ಅನ್ನುವುದು ನನ್ನ ಅನುಭವ.

ಇನ್ನೊಂದು ಮಾತು. ಸ್ಟೇ ಮುಗಿಯಿತು ಅಂತ ಹೇಳಲು ಒಂದು ಪದ ಬೇಕೇ ಬೇಕು. ಇಲ್ಲದಿದ್ದರೆ ಯಾವಾಗ ಏಳಬೇಕು ಅನ್ನುವುದನ್ನು ಪಾಪ ಅವನೇ ತೀರ್ಮಾನ ಮಾಡಬೇಕಾಗುತ್ತದೆ. ನಾನು ಮೊದಲ ನಾಯಿಗೆ ‘ಆಯ್ತು’ ಅಂತ ಕಲಿಸಿದ್ದೆ. ಫೋನಿನಲ್ಲಿ ಯಾರಿಗೋ ಆಯ್ತು ಅಂದಾಗಲೆಲ್ಲ ಅದು ಎದ್ದು ನಿಲ್ಲುತ್ತಿತ್ತು. ದಿನಾ ಬಾಯಲ್ಲಿ ಬರುವ ಪದ ಬೇಡ. ‘ಫ್ರೀ’ ಅನ್ನಿ, ಸಾಕು.

ಪ್ರಶ್ನೆ: ಮೈದಾನದಲ್ಲಿ ಬಿಟ್ಟರೆ ಹತ್ತು ಸಲ ಕರೆದರೂ ಬರುವುದಿಲ್ಲ. ಬಂದಾಗ ಸಿಟ್ಟು ಬಂದು ಬೈದುಬಿಡುತ್ತೇನೆ.

ಉತ್ತರ: ಬೈಯುವುದನ್ನು ಮೊದಲು ನಿಲ್ಲಿಸಿ, ದಯವಿಟ್ಟು. ನೀವು ಬೈದದ್ದು ತಡವಾಗಿ ಬಂದದ್ದಕ್ಕೆ, ಅದಕ್ಕೆ ಅರ್ಥವಾದದ್ದು ಹತ್ತಿರ ಬಂದರೆ ಬೈಗುಳ ಅಂತ. ಹತ್ತು ಸಲ ಕರೆಯುವುದೂ ಬೇಡ. ಕೇಳಿಯೂ ಬರದೇ ಇದ್ದರೆ ನಡೆಯುತ್ತದೆ ಅನ್ನುವುದನ್ನೇ ನಾವು ಕಲಿಸಿದ ಹಾಗಾಗುತ್ತದೆ. ಹಳೆಯ ಪದ ಅಷ್ಟು ಸವೆದುಹೋಗಿದ್ದರೆ ಅದನ್ನು ಬಿಟ್ಟು ಹೊಸ ಪದದಿಂದ ಮನೆಯೊಳಗೆ ಶುರುಮಾಡಿ.

ಹೊರಗೆ 5ರಿಂದ 10 ಮೀಟರ್ ಉದ್ದದ ಹಗ್ಗ ಕಟ್ಟಿ. ಅದನ್ನು ಕತ್ತಿನ ಪಟ್ಟಿಗೆ ಕಟ್ಟಬೇಡಿ. ಓಡುವ ನಾಯಿ ಹಗ್ಗದ ತುದಿ ಮುಟ್ಟಿದಾಗ ಕತ್ತಿಗೆ ಪೆಟ್ಟಾಗುತ್ತದೆ. ಎದೆಗೆ ಹಾಕುವ ಹಾರ್ನೆಸ್‌ಗೆ ಕಟ್ಟಿ. ಒಮ್ಮೆ ಕರೆಯಿರಿ, ಕರೆದು ನೀವೇ ಹಿಂದಕ್ಕೆ ಓಡಿ. ನೀವು ಅಟ್ಟಿಸಿಕೊಂಡು ಹೋದರೆ ಅದು ಓಡುತ್ತದೆ, ನೀವು ಓಡಿದರೆ ಅದು ಬೆನ್ನು ಹತ್ತುತ್ತದೆ. ಬಂದ ಮೇಲೆ ಒಳ್ಳೆಯ ತಿಂಡಿ ಕೊಟ್ಟು, ಮತ್ತೆ ಆಡಲು ಬಿಡಿ. ಈ ‘ಮತ್ತೆ ಬಿಡುವುದು’ ತಿಂಡಿಗಿಂತ ದೊಡ್ಡ ಬಹುಮಾನ. ಆಟ ಮುಗಿಸುವಾಗ ಮಾತ್ರ ಕರೆದರೆ, ಕರೆ ಅಂದರೆ ಮನೆಗೆ ಹೋಗುವುದು ಅಂತಾಗಿಬಿಡುತ್ತದೆ ಅಲ್ವಾ? ಸ್ನಾನ, ಉಗುರು ಕತ್ತರಿಸುವುದು, ಇದಕ್ಕೂ ಕರೆಯಬೇಡಿ. ನೀವೇ ಹೋಗಿ ಕರೆದುಕೊಂಡು ಬನ್ನಿ.

ಪ್ರಶ್ನೆ: ಜೀವನಪೂರ್ತಿ ತಿಂಡಿ ಕೊಡುತ್ತಲೇ ಇರಬೇಕಾ?

ಉತ್ತರ: ಇಲ್ಲ. ಹೊಸದು ಕಲಿಯುವಾಗ ಪ್ರತಿ ಸಲ ಕೊಡಿ, ಮಾಡಿದ ಒಂದೆರಡು ಸೆಕೆಂಡಿನೊಳಗೆ. ಚೆನ್ನಾಗಿ ಬಂದ ಮೇಲೆ ಕೆಲವೊಮ್ಮೆ ತಿಂಡಿ, ಕೆಲವೊಮ್ಮೆ ಚೆಂಡು, ಕೆಲವೊಮ್ಮೆ ಬರೀ ಶಭಾಷ್. ತಿಂಡಿ ತೋರಿಸಿ ಆಮೇಲೆ ಸಿಟ್ ಅನ್ನುವುದು ಲಂಚ. ಕೂತ ಮೇಲೆ ಜೇಬಿನಿಂದ ತೆಗೆದು ಕೊಡುವುದು ಬಹುಮಾನ. ಚೂರು ಬಟಾಣಿ ಕಾಳಿನಷ್ಟಿದ್ದರೆ ಸಾಕು, ಅಷ್ಟನ್ನು ದಿನದ ಊಟದಲ್ಲಿ ಕಡಿಮೆ ಮಾಡಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಹಾಕಿದ ಯಾವುದನ್ನೂ ಕೊಡಬೇಡಿ, ನಾಯಿಗೆ ಅವು ವಿಷ. ಒಂದು ಸಲಕ್ಕೆ ಐದು ನಿಮಿಷದ ಪಾಠ ಸಾಕು. ಬಾಲ ಆಡಿಸುತ್ತಾ ಇನ್ನೂ ಬೇಕು ಅನ್ನುತ್ತಿರುವಾಗಲೇ ಮುಗಿಸಿ.