ಅರಬ್ಬಿ ಕುದುರೆಯೇ ಬೇಕು ಅಂತೇನಿಲ್ಲ

ನಿಮ್ಮ ಕ್ವಾರ್ಟರ್ ಹಾರ್ಸ್ ತಳಿಯ ಕುದುರೆ ಮೈಕಟ್ಟಿನಲ್ಲಿ ದಪ್ಪ, ಅಮೆರಿಕದ ಎಂಡ್ಯೂರೆನ್ಸ್ ಸವಾರಿಗೆ, ಅಂದರೆ ಬಹುದೂರದ ಕುದುರೆ ಸವಾರಿ ಸ್ಪರ್ಧೆಗೆ, ಆಗುತ್ತಾ ಅಂತ ಕೇಳಿದ್ದೀರಿ. ಧಾರಾಳವಾಗಿ ಆಗುತ್ತದೆ. ಅಲ್ಲಿ ಅರಬ್ಬಿಗಳದ್ದೇ ಕಾರುಬಾರು, ನಿಜ. ಆದರೆ ಹೇಸರಗತ್ತೆ ಹತ್ತಿ ಬರುವವರೂ ಇದ್ದಾರೆ! ಮೊದಲು 25 ಮೈಲಿಯದ್ದಕ್ಕೆ ಸೇರಿ, ಆರು ಗಂಟೆ ಸಮಯ ಇರುತ್ತದೆ. ಗೆಲ್ಲುವ ಆಸೆ ಸದ್ಯಕ್ಕೆ ಬಿಡಿ.

ನಿಮಗೆ ಕಾಡುವುದು ವೇಗವಲ್ಲ, ಕುದುರೆಯ ಮೈಯ ಬಿಸಿ. ದಪ್ಪ ಮಾಂಸಖಂಡ ಬೇಗ ತಣಿಯುವುದಿಲ್ಲ, ನಾಡಿ ಇಳಿಯುವುದೂ ತಡ. ಪಶುವೈದ್ಯರ ತಪಾಸಣೆಯಲ್ಲಿ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 60–64 ಬಡಿತಕ್ಕೆ ಇಳಿದಿರಬೇಕು. ಹಾಗಾಗಿ ತಪಾಸಣೆ ಜಾಗ ಹತ್ತಿರ ಬಂದಾಗ ಕೆಳಗಿಳಿದು ನಡೆಸಿಕೊಂಡು ಹೋಗಿ. ಜೀನು ಬಿಚ್ಚಿ. ಕತ್ತು, ಎದೆ, ಕಾಲಿನ ಒಳಬದಿಗೆ ತಣ್ಣೀರು ಸುರಿಯುತ್ತಲೇ ಇರಿ. ಸುಮ್ನೆ ಒಂದು ಬಕೆಟ್ ಹಾಕಿ ಮುಗಿಸುವವರೇ ಜಾಸ್ತಿ. ಅಂದಹಾಗೆ, ನಿಮ್ಮ ಕುದುರೆಗೆ ಐದು ವರ್ಷ ತುಂಬಿದೆಯಾ? ಮುಂದೆ 50 ಮೈಲಿಯ ಸವಾರಿಗೆ ಅದು ಕಡ್ಡಾಯ.